ನದಿಗಿಳಿಯುವ ಮೊದಲು ಘಟ್ಟದ ಕಡೆ ನೋಡಿ

ಮಳೆಗಾಲದಲ್ಲಿ ಪುಣೆಯ ಯಾವುದೇ ಮರಾಠಿ ಪತ್ರಿಕೆ ತೆರೆಯಿರಿ, ‘ಖಡಕವಾಸಲ್ಯಾತೂನ ವಿಸರ್ಗ ವಾಢವಲಾ’ ಎಂಬ ಸಾಲು ಸಿಕ್ಕೇ ಸಿಗುತ್ತದೆ. ಕನ್ನಡ ಶಾಲೆ ಕಲಿತ ನಮಗೆ ವಿಸರ್ಗವೆಂದರೆ ‘ದುಃಖ’ ಬರೆಯುವಾಗ ನಡುವೆ ಇಡುವ ಎರಡು ಸೊನ್ನೆ. ಇಲ್ಲಿಯವರಿಗೆ ಅದು ಖಡಕವಾಸಲಾದಂಥ ಅಣೆಕಟ್ಟಿನಿಂದ ನದಿಗೆ ಬಿಡುವ ನೀರು. ಎರಡೂ ವಿಸರ್ಗಗಳು ಒಂದೇ ಮನೆಗೆ ಬರುವುದು ಬೇಡ ಎಂದೇ ಇವತ್ತಿನ ಈ ಮಾತು.

ವಿಸರ್ಗವನ್ನು ಕ್ಯೂಸೆಕ್‌ನಲ್ಲಿ ಹೇಳುತ್ತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. ಪತ್ರಿಕೆಯಲ್ಲಿ 35,000 ಎಂದು ಓದಿದಾಗ ನಮ್ಮ ಮನಸ್ಸಿಗೆ ಏನೂ ತಟ್ಟುವುದಿಲ್ಲ. ಬೇಸಿಗೆಯಲ್ಲಿ ನಿಮ್ಮ ಸೊಸೈಟಿಗೆ ಬರುವ 10,000 ಲೀಟರಿನ ಟ್ಯಾಂಕರ್ ನೆನಪಿಸಿಕೊಳ್ಳಿ. 35,000 ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಅಂಥ ಸುಮಾರು ನೂರು ಟ್ಯಾಂಕರ್. 2024ರ ಜುಲೈ 25ರ ನಸುಕಿನಲ್ಲಿ ಮುಠಾ ನದಿಗೆ ಬಂದದ್ದು ಹೆಚ್ಚು ಕಡಿಮೆ ಆ ಪ್ರಮಾಣದ ನೀರು. ಸಿಂಹಗಡ ರಸ್ತೆಯ ಏಕತಾನಗರಿಯವರು ಕಣ್ಣು ಬಿಡುವಷ್ಟರಲ್ಲಿ ಪಾರ್ಕಿಂಗ್ ತುಂಬಿತ್ತು.

ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಖಡಕವಾಸಲಾ ಹೆಸರಿಗೆ ದೊಡ್ಡದು, ಹೊಟ್ಟೆ ಸಣ್ಣದು. ಅದರಲ್ಲಿ ಹಿಡಿಯುವುದು 2 ಟಿಎಂಸಿಗಿಂತ ತುಸು ಕಡಿಮೆ. ಅದರ ಮೇಲೆ ಅಂಬಿ ನದಿಗೆ ಪಾನಶೇತ್, ಮೋಸೆ ನದಿಗೆ ವರಸಗಾವ್, ಮುಠಾಕ್ಕೆ ಟೆಮಘರ್, ಮೂರೂ ಸೇರಿ ಸುಮಾರು 27 ಟಿಎಂಸಿ. ಜೂನಿನಲ್ಲಿ ಎಷ್ಟೇ ಜೋರಾಗಿ ಸುರಿದರೂ ಈ ಮೂರು ಖಾಲಿ ಹೊಟ್ಟೆಗಳು ನುಂಗಿಕೊಳ್ಳುತ್ತವೆ. ಜುಲೈ ಕೊನೆಗೆ, ಆಗಸ್ಟಿಗೆ ಅವು ತುಂಬಿರುತ್ತವೆ. ಆಗ ಅಷ್ಟೇ ಮಳೆ ಬಿದ್ದರೂ ನೇರ ಖಡಕವಾಸಲಾಕ್ಕೆ ಇಳಿಯುತ್ತದೆ, ಅಲ್ಲಿ ಜಾಗವಿಲ್ಲ, ಗೇಟು ತೆಗೆಯದೆ ಗತಿಯಿಲ್ಲ. ಆದ್ದರಿಂದ ‘ಕಳೆದ ತಿಂಗಳು ಇದಕ್ಕಿಂತ ಜೋರು ಮಳೆ ಇತ್ತು, ಏನೂ ಆಗಲಿಲ್ಲ’ ಎನ್ನುವ ವಾದ ನದಿಯ ಮುಂದೆ ನಡೆಯುವುದಿಲ್ಲ. ಮಳೆ ಎಷ್ಟು ಎಂದು ಕೇಳುವ ಮೊದಲು ಮೇಲಿನ ಅಣೆಕಟ್ಟು ಶೇಕಡಾ ಎಷ್ಟು ತುಂಬಿದೆ ಎಂದು ಕೇಳಿ. ಈ ಅಂಕಿ ಮಳೆಗಾಲದಲ್ಲಿ ದಿನವೂ ಪ್ರಕಟವಾಗುತ್ತದೆ.

ಪುಣೆ ಮಳೆನೆರಳಿನ ಊರು ಅನ್ನುವುದು ಎರಡನೆಯ ಮೋಸ. ನಗರದಲ್ಲಿ ಎಳೆಬಿಸಿಲು, ಬಟ್ಟೆ ಒಣಹಾಕಿರುತ್ತೀರಿ. ಪಶ್ಚಿಮಕ್ಕೆ ಐವತ್ತು ಕಿಲೋಮೀಟರ್ ದೂರದ ತಾಮ್ಹಿಣಿ ಘಟ್ಟದಲ್ಲಿ ಆಕಾಶ ತೂತು ಬಿದ್ದಿರುತ್ತದೆ. ಇಲ್ಲಿಯ ನದಿಯಲ್ಲಿ ಹರಿಯುವುದು ಅಲ್ಲಿಯ ಮಳೆ. ಹವಾಮಾನ ಇಲಾಖೆ ಪುಣೆ ಜಿಲ್ಲೆಗೆ ಎಚ್ಚರಿಕೆ ಕೊಡುವಾಗ ಘಟ್ಟ ಪ್ರದೇಶವನ್ನು ಬೇರೆಯಾಗಿ ಹೇಳುತ್ತದೆ. ನಿಮಗೆ ಬೇಕಾದದ್ದು ಆ ಬೇರೆ ಸಾಲು. ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅದಕ್ಕೂ ಮೇಲಿನ ದರ್ಜೆ. ಘಟ್ಟದಲ್ಲಿ ಎರಡನೆಯ ದರ್ಜೆ ಹೇಳಿದ್ದರೆ ಆ ದಿನ ನದಿ, ಹಳ್ಳ, ಜಲಪಾತದ ಕಾರ್ಯಕ್ರಮ ಬಿಡಿ.

ಬಿಟ್ಟ ನೀರು ಬರಲು ಎಷ್ಟು ಹೊತ್ತು? ಸೆಕೆಂಡಿಗೆ 2 ಮೀಟರ್ ವೇಗವಿದ್ದರೆ 15 ಕಿಲೋಮೀಟರಿಗೆ ಸುಮಾರು ಎರಡು ತಾಸು. ಅಂದರೆ ನೀವು ನಗರದ ದಂಡೆಯಲ್ಲಿ ನೋಡುತ್ತಿರುವುದು ಎರಡು ತಾಸು ಹಳೆಯ ಸುದ್ದಿ. ಹೊಸ ಸುದ್ದಿ ದಾರಿಯಲ್ಲಿದೆ. ಅದು ಇಲ್ಲಿಗೇ ನಿಲ್ಲುವುದೂ ಇಲ್ಲ. ಮುಳಾ-ಮುಠಾ ಹೋಗಿ ಭೀಮೆಗೆ ಸೇರಿ, ಉಜನಿ ಜಲಾಶಯ, ಪಂಢರಪುರ ದಾಟಿ ಗಾಣಗಾಪುರಕ್ಕೆ ಹೋಗುತ್ತದೆ. ಅಫಜಲಪುರದ ಕಡೆಯವರು ಇಲ್ಲಿದ್ದರೆ, ಇಲ್ಲಿಯ ವಿಸರ್ಗ ನೋಡಿಯೇ ಊರಿಗೆ ಫೋನ್ ಮಾಡುವ ರೂಢಿ ಅವರಿಗೆ ಹೊಸದಲ್ಲ.

ಈಗ ದಂಡೆಗೆ ಬರೋಣ. ಬಂದ ಕೂಡಲೇ ಬಟ್ಟೆ ಬಿಚ್ಚಬೇಡಿ. ಒಂದು ಕಡ್ಡಿಯನ್ನು ನೀರಿನ ಅಂಚಿನಲ್ಲಿ ಸರಿಯಾಗಿ ನೆಡಿ, ಅಂಚು ಮುಟ್ಟಿದ ಜಾಗಕ್ಕೆ ಗುರುತು ಮಾಡಿ. ಹತ್ತು ನಿಮಿಷ ಕೂತು ತಿಂಡಿ ತಿನ್ನಿ. ನೀರು ಎರಡು ಬೆರಳು ಏರಿದ್ದರೆ ಬುತ್ತಿ ಕಟ್ಟಿ ಎದ್ದುಬಿಡಿ. ಈ ಕಡ್ಡಿಗಿಂತ ನಂಬಿಕೆಯ ಉಪಕರಣ ಇನ್ನೊಂದಿಲ್ಲ, ಯಾಕೆಂದರೆ ನೀರು ಏರುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ನೋಡುತ್ತ ಕೂತವರಿಗೆ ನದಿ ಯಾವಾಗಲೂ ಅಷ್ಟೇ ಇದ್ದಂತೆ ಅನ್ನಿಸುತ್ತದೆ.

ಆಮೇಲೆ ವೇಗ. ದಂಡೆಗುಂಟ ಸಾಧಾರಣ ಹೆಜ್ಜೆ ಹದಿಮೂರು ಅಳೆಯಿರಿ, ಸುಮಾರು 10 ಮೀಟರ್ ಆಗುತ್ತದೆ. ಮೇಲಿನ ತುದಿಯಲ್ಲಿ ಹಸಿ ಟೊಂಗೆಯ ತುಂಡನ್ನೋ ಕಿತ್ತಳೆ ಹಣ್ಣನ್ನೋ ನಡುನೀರಿಗೆ ಎಸೆಯಿರಿ. ಒಣ ಎಲೆ ಬೇಡ, ಅದು ನೀರಿನ ಜೊತೆಗಿಂತ ಗಾಳಿಯ ಜೊತೆ ಹೋಗುತ್ತದೆ. 20 ಸೆಕೆಂಡು ಹಿಡಿದರೆ ವೇಗ ಅರ್ಧ ಮೀಟರ್, 10 ಹಿಡಿದರೆ ಒಂದು ಮೀಟರ್, 5 ಹಿಡಿದರೆ ಎರಡು. ಸೊಸೈಟಿಯ ಕೊಳದಲ್ಲಿ ಈಜುವ ಸಾಧಾರಣ ಈಜುಗಾರ ಸೆಕೆಂಡಿಗೆ ಒಂದು ಮೀಟರ್ ಹೋದರೆ ಹೆಚ್ಚು, ಅದೂ ಸ್ವಲ್ಪ ಹೊತ್ತು. ಅಂದರೆ ಕಿತ್ತಳೆ 10 ಸೆಕೆಂಡಿನಲ್ಲಿ ಹೋದ ಕಡೆ ಆತ ಮೈಯೆಲ್ಲ ಬಲ ಹಾಕಿ ಎದುರು ಈಜಿದರೂ ನಿಂತಲ್ಲೇ ನಿಂತಿರುತ್ತಾನೆ. ನಾನು ಹೇಳುವ ಗಡಿ ಅರ್ಧ ಮೀಟರ್. ಮಕ್ಕಳಿದ್ದರೆ ಅದೂ ಬೇಡ.

‘ಈಜುವುದಿಲ್ಲ, ಬರೀ ಕಾಲು ಅದ್ದುತ್ತೇವೆ’ ಎನ್ನುವವರಿಗೆ ಇನ್ನೊಂದು ಗುಣಾಕಾರ. ಆಳವನ್ನು ಮೀಟರಿನಲ್ಲಿ, ವೇಗವನ್ನು ಸೆಕೆಂಡಿನ ಮೀಟರಿನಲ್ಲಿ ತೆಗೆದುಕೊಂಡು ಗುಣಿಸಿ. 0.4 ದಾಟಿದರೆ ಮಕ್ಕಳ ಕಾಲು ನಿಲ್ಲುವುದಿಲ್ಲ, 0.6 ದಾಟಿದರೆ ದೊಡ್ಡವರದೂ ಅಪಾಯ. ಮೊಣಕಾಲ ಮಟ್ಟದ, ಅಂದರೆ ಅರ್ಧ ಮೀಟರ್ ನೀರು ಒಂದು ಮೀಟರ್ ವೇಗದಲ್ಲಿದ್ದರೆ 0.5. ಮಗು ಬೀಳುತ್ತದೆ. ಅದೇ ನೀರು ಎರಡು ಮೀಟರ್ ವೇಗಕ್ಕೆ ಬಂದರೆ ತಳ್ಳುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಪಾಚಿ ಹಿಡಿದ ಕರಿಕಲ್ಲಿನ ಮೇಲೆ ಈ ಲೆಕ್ಕವೂ ಉದಾರವಾಯಿತು.

ಲೋಣಾವಳಾದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ 2024ರ ಜೂನ್ 30ರಂದು ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಒಬ್ಬರನ್ನೊಬ್ಬರು ಹಿಡಿದುಕೊಂಡು ಹರಿವಿನ ನಡುವೆ ನಿಂತಿದ್ದ ದೃಶ್ಯ ನಿಮ್ಮೆಲ್ಲರ ಫೋನಿಗೂ ಬಂದಿರಬೇಕು. ಘಟ್ಟದ ಹಳ್ಳಕ್ಕೆ ಮೇಲೆ ಬೋಳು ಬಂಡೆ, ಕಡಿದಾದ ಇಳಿಜಾರು. ಬಿದ್ದ ಮಳೆ ಇಂಗುವುದಿಲ್ಲ, ನಿಮಿಷಗಳಲ್ಲಿ ಕೆಳಗಿರುತ್ತದೆ. ಇಂಥಲ್ಲಿ ಕಡ್ಡಿ ನೆಟ್ಟು ಹತ್ತು ನಿಮಿಷ ಕಾಯುವಷ್ಟು ಸಮಯವೂ ಸಿಗುವುದಿಲ್ಲ, ಬೇರೆ ಗುರುತು ಬೇಕು. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಚಹಾ ಬಣ್ಣಕ್ಕೆ ತಿರುಗಿತೇ, ಒಣ ಎಲೆ, ಕಡ್ಡಿ, ಕಂದು ನೊರೆ ಬರತೊಡಗಿತೇ, ಜಲಪಾತದ ದನಿ ಸಣ್ಣದರಿಂದ ದಪ್ಪವಾಯಿತೇ, ಯಾವುದಾದರೂ ಒಂದು ಸಾಕು. ಚಪ್ಪಲಿ ಹುಡುಕಬೇಡಿ, ಫೋಟೋದವರನ್ನು ಕಾಯಬೇಡಿ, ಹತ್ತಿರದ ದಂಡೆಗೆ ಹೋಗಿ ಮೇಲಕ್ಕೆ ಹತ್ತಿ. ಇದಕ್ಕಾಗಿಯೇ ಹಳ್ಳ ದಾಟಿ ಆಚೆ ದಂಡೆಯಲ್ಲಿ ಚಾಪೆ ಹಾಸಬಾರದು. ಗಾಡಿ ನಿಲ್ಲಿಸಿದ ದಂಡೆಯಲ್ಲೇ ಇರಿ.

ನೋಡಲು ನಿಲ್ಲುವ ಜಾಗವನ್ನೂ ನೋಡಬೇಕು. 2025ರ ಜೂನ್ 15ರಂದು ತಳೇಗಾವ್ ಹತ್ತಿರ ಕುಂಡಮಳಾದಲ್ಲಿ ಇಂದ್ರಾಯಣಿಯ ಹಳೆಯ ಕಬ್ಬಿಣದ ಸೇತುವೆ ಕುಸಿದಾಗ ನೀರಿಗೆ ಬಿದ್ದವರು ಈಜಲು ಬಂದವರಲ್ಲ, ಹೊಳೆ ನೋಡಲು ಸೇತುವೆ ತುಂಬ ನಿಂತಿದ್ದವರು.

ಮಳೆಯೇ ಇಲ್ಲದೆ ಏರುವ ನದಿಯೂ ಇದೆ. ಮುಳಶಿ ಜಲಾಶಯದ ನೀರು ಪೂರ್ವಕ್ಕೆ ಬರುವುದಕ್ಕಿಂತ ಹೆಚ್ಚಾಗಿ ಪಶ್ಚಿಮದ ಭಿರಾ ವಿದ್ಯುತ್ ಕೇಂದ್ರಕ್ಕೆ ಧುಮುಕುತ್ತದೆ. ಅಲ್ಲಿಂದ ಹೊರಬಿದ್ದ ನೀರು ಕುಂಡಲಿಕಾ ನದಿಯದು. ಕೋಲಾಡದ ರಾಫ್ಟಿಂಗ್ ನಡೆಯುವುದು ಈ ಬಿಡುಗಡೆಯ ಮೇಲೆಯೇ, ಹಾಗಾಗಿ ಬೆಳಗ್ಗೆ ಬೇಗ ಕರೆಯುತ್ತಾರೆ. ಏಪ್ರಿಲಿನ ಉರಿಬಿಸಿಲಲ್ಲಿ ಪಾದ ಮುಳುಗುವಷ್ಟಿದ್ದ ಹೊಳೆ ಸ್ವಲ್ಪ ಹೊತ್ತಿನಲ್ಲೇ ತೆಪ್ಪ ಒಯ್ಯುವಷ್ಟಾಗುತ್ತದೆ. ವಿದ್ಯುತ್ ಕೇಂದ್ರದ ಕೆಳಗಿನ ನದಿಯ ನಡುಬಂಡೆಯ ಮೇಲೆ ಕೂತು ಗಾಳ ಹಾಕುವವರು ಬಿಡುಗಡೆಯ ಹೊತ್ತನ್ನು ಊರಿನವರಲ್ಲಿ ಕೇಳಿಯೇ ಕೂರಬೇಕು. ಬಂಡೆಯ ಮೇಲೆ ಒದ್ದೆಯ ಗೆರೆ ನಿಮ್ಮ ತಲೆಗಿಂತ ಎತ್ತರದಲ್ಲಿದ್ದರೆ ಸ್ವಲ್ಪ ಹೊತ್ತಿನ ಹಿಂದೆ ನೀರು ಅಲ್ಲಿತ್ತು ಎಂದರ್ಥ.

ಇನ್ನು ಬಾಂದಾರ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಒಡ್ಡು. ಬೆಳಗಾವಿ, ವಿಜಯಪುರದವರಿಗೆ ಕೊಲ್ಹಾಪುರ ಪದ್ಧತಿಯ ಬಾಂದಾರ ಗೊತ್ತಿದೆ, ಮಳೆಗಾಲಕ್ಕೆ ಮೊದಲು ಹಲಗೆ ತೆಗೆದು, ಮಳೆ ನಿಂತ ಮೇಲೆ ಹಾಕುವಂಥದ್ದು. ನೀರು ತುಂಬಿದಾಗ ಎಷ್ಟೋ ಕಡೆ ಆಳೆತ್ತರವೂ ಕಾಣುವುದಿಲ್ಲ, ಮೇಲಿಂದ ನೀರು ಒಂದೇ ಸಮ ಹಾಳೆಯಂತೆ ಇಳಿಯುತ್ತಿರುತ್ತದೆ. ನನ್ನ ದೃಷ್ಟಿಯಲ್ಲಿ ಪುಣೆ ಸುತ್ತಲಿನ ನದಿಗಳಲ್ಲಿ ಇದಕ್ಕಿಂತ ಕೆಟ್ಟ ಜಾಗವಿಲ್ಲ. ಬಿದ್ದ ನೀರು ತಳ ಮುಟ್ಟಿ, ಮುಂದೆ ಹೋಗಿ ಮೇಲೆದ್ದು, ಅದರಲ್ಲಿ ಒಂದು ಪಾಲು ಮೇಲ್ಮೈಯಲ್ಲಿ ಗೋಡೆಯ ಕಡೆಗೇ ವಾಪಸು ಬರುತ್ತದೆ. ಒಳಗೆ ಸಿಕ್ಕವನನ್ನು ಗೋಡೆಗೆ ಎಳೆದು, ಮುಳುಗಿಸಿ, ಮುಂದೆ ಎತ್ತಿ, ಮತ್ತೆ ಎಳೆಯುತ್ತದೆ. ನೊರೆಯಲ್ಲಿ ಅರ್ಧ ಗಾಳಿ ಇರುವುದರಿಂದ ಲೈಫ್ ಜಾಕೆಟ್ ಕೂಡ ಪೂರ್ತಿ ತೇಲಿಸುವುದಿಲ್ಲ. ಗುರುತು ಹಿಡಿಯುವುದು ಸುಲಭ: ಬಾಂದಾರದ ಕೆಳಗೆ ಪ್ಲಾಸ್ಟಿಕ್ ಬಾಟಲಿ, ತೆಂಗಿನಕಾಯಿ, ಕಟ್ಟಿಗೆ ತುಂಡು ಮುಂದೆ ಹೋಗದೆ ಅಲ್ಲಲ್ಲೇ ಹೊರಳಾಡುತ್ತಿದ್ದರೆ ನೀವೂ ಅಲ್ಲೇ ಹೊರಳಾಡುತ್ತೀರಿ. ದೋಣಿಯವರಿಗೆ ಇದು ಮೇಲಿನಿಂದ ಕಾಣುವುದೇ ಇಲ್ಲ. ಹೊಳೆಗೆ ಅಡ್ಡಲಾಗಿ ಎಳೆದ ನೇರ ಗೆರೆ, ಅದರಾಚೆ ನದಿ ಮಾಯ, ಇಷ್ಟೇ ಕಾಣುತ್ತದೆ. ಹೊಳೆಯಲ್ಲಿ ನೇರ ಗೆರೆ ಕಂಡರೆ ದಂಡೆಗೆ ತಿರುಗಿ.

ಮಡು, ಸುಳಿ ಎಂಬ ನಮ್ಮ ಮಾತುಗಳಿಗೆ ಇಲ್ಲಿ ಡೋಹ, ಭೋವರಾ ಅನ್ನುತ್ತಾರೆ. ಊರಿನವರು ‘ಇಕಡೆ ಡೋಹ ಆಹೆ’ ಅಂದರೆ ಅದು ಸಲಹೆಯಲ್ಲ, ಎಚ್ಚರಿಕೆ. ಕುಕಡಿ ನದಿಯ ನಿಘೋಜದಲ್ಲಿ ನೀರು ಕಲ್ಲನ್ನು ಗಿರಗಿರ ತಿರುಗಿಸಿ ಬಂಡೆಯಲ್ಲಿ ಕೊರೆದ ಕುಳಿಗಳಿವೆ, ರಾಂಜಣಖಳಗೆ ಎಂದು ಹೆಸರು. ಅಜ್ಜಿಮನೆಯ ರಂಜಣಿಗೆಯನ್ನು ನೆನೆಸಿಕೊಳ್ಳಿ: ಬಾಯಿ ಕಿರಿದು, ಒಳಗೆ ಹೊಟ್ಟೆ ಅಗಲ, ಗೋಡೆ ನುಣುಪು. ಬಿದ್ದರೆ ಹಿಡಿಯಲು ಏನೂ ಇಲ್ಲ. ಬೇಸಿಗೆಯಲ್ಲಿ ಹೋಗಿ ನೋಡಿ ಬನ್ನಿ, ಬಲು ಚೆಂದ. ನೀರಿದ್ದಾಗ ಆ ಬಂಡೆಗಳ ಮೇಲೆ ನಡೆಯಬೇಡಿ.

ನೀರಿನ ಶುದ್ಧತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಪುಣೆ ನಗರದೊಳಗಿನ ಮುಳಾ, ಮುಠಾ ಎರಡಕ್ಕೂ ಉತ್ತರ ಒಂದೇ: ಇಳಿಯಬೇಡಿ. ಸ್ನಾನದ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ 100 ಮಿ.ಲೀ.ಗೆ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ರೊಳಗೆ ಇದ್ದರೆ ಒಳ್ಳೆಯದು, 2,500 ಕೊನೆಯ ಮಿತಿ. ಬಿಒಡಿ, ಅಂದರೆ ನೀರಿನ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 5ಕ್ಕಿಂತ ಕೆಳಗೆ ಇಳಿಯಬಾರದು. ಇವು ಕಣ್ಣಿಗೆ ಕಾಣುವುದಿಲ್ಲ ಸರಿ, ಆದರೆ ಜಲಪರ್ಣಿ, ನಮ್ಮ ಕಡೆ ಅಂತರಗಂಗೆ ಅನ್ನುತ್ತೇವಲ್ಲ, ಅದು ದಂಡೆಯಿಂದ ದಂಡೆಗೆ ಹಾಸಿದ್ದರೆ ಅಲ್ಲಿಗೆ ಚರಂಡಿ ಸೇರುತ್ತಿದೆ ಎಂದು ಅದೇ ಬರೆದು ಹೇಳುತ್ತದೆ. ಆಳಂದಿಯ ಇಂದ್ರಾಯಣಿಯಲ್ಲಿ ತೇಲುವ ಬಿಳಿ ನೊರೆಯೂ ಹಾಗೆಯೇ. ಅದು ಹೊಳೆಯ ಸ್ವಂತ ನೊರೆಯಲ್ಲ. ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟಿದ್ದರೆ ಕಡ್ಡಿಯಿಂದ ಎತ್ತಿ ನೋಡಿ. ಕೂದಲಿನ ಹಾಗೆ ಎಳೆಯಾಗಿ ಬಂದರೆ ಸಾದಾ ಪಾಚಿ. ಕಡ್ಡಿಗೆ ಬಣ್ಣದಂತೆ ಹತ್ತಿದರೆ ವಿಷವಿರಬಹುದಾದ ನೀಲಿಹಸಿರು ಪಾಚಿ, ನಾಯಿಯನ್ನೂ ಇಳಿಸಬೇಡಿ. ಮೊದಲ ಮಳೆಯ ನೀರಿನಲ್ಲಿ ಇಲಿಯ ಮೂತ್ರದಿಂದ ಬರುವ ಲೆಪ್ಟೋಸ್ಪೈರೋಸಿಸ್ ಇನ್ನೊಂದು. ಕಾಲಲ್ಲಿ ಗಾಯವಿದ್ದವರು ದಂಡೆಯಲ್ಲೇ ಇರುವುದು ಲೇಸು, ಇಳಿದವರಿಗೆ ಮುಂದಿನ ವಾರಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ವೈದ್ಯರಿಗೆ ‘ನೀರಿಗಿಳಿದಿದ್ದೆ’ ಎಂದು ಹೇಳಲೇಬೇಕು.

ಮುಂಬಯಿಯಿಂದ ಬಂದವರು ಅಲ್ಲಿಯ ಪವಯಿ ಕೆರೆಗೆ ಇಳಿಯಬಹುದೇ ಎಂದು ಕೇಳಿದ್ದರು. ಅಲ್ಲಿ ಮೊಸಳೆಗಳಿವೆ. ಆ ಮಾತು ಅಲ್ಲಿಗೆ ಮುಗಿಯಿತು.

ಜಲಾಶಯದ ಹಿನ್ನೀರು ಶಾಂತವಾಗಿ ಕಾಣುತ್ತದೆ, ಅಲ್ಲಿ ಮೋಸ ಬೇರೆ ರೀತಿಯದು. ಹಿನ್ನೀರಿನ ತಳ ನದಿಯ ತಳವಲ್ಲ. ಅದು ಮುಳುಗಿದ ಊರು, ಹೊಲ, ಬಾವಿ. ಉಜನಿಯಲ್ಲಿ ನೀರು ಇಳಿದ ವರ್ಷ ಪಳಸದೇವದ ದೇವಸ್ಥಾನ ಮೇಲೆದ್ದು ಕಾಣುತ್ತದೆ. ನೀರು ತುಂಬಿದಾಗ ನೀವು ಅಂಥ ಒಂದು ಗೋಡೆಯ ಮೇಲೇ ಈಜುತ್ತಿರಬಹುದು. ಸೊಂಟದ ನೀರಿನಿಂದ ಒಂದೇ ಹೆಜ್ಜೆಗೆ ಬಾವಿಯ ಆಳ ಸಿಗುತ್ತದೆ. ಮೀನು ಹಿಡಿಯುವವರ ದಾರಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಒಂದೊಂದು ಮೀಟರಿಗೆ ಗಂಟು ಹಾಕಿಕೊಂಡು ಅಳೆದರೆ ಹದಿನೈದು ನಿಮಿಷದಲ್ಲಿ ದಂಡೆಯ ನಕ್ಷೆ ಸಿಗುತ್ತದೆ. ತಲೆ ಕೆಳಗಾಗಿ ಜಿಗಿಯುವುದು ಎಲ್ಲೂ ಬೇಡ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಅಂಚಿನಲ್ಲಿ ಹೂಳು ಒಣಗಿದಂತೆ ಬಿರಿದಿರುತ್ತದೆ, ಒಳಗೆ ಕೊಚ್ಚೆಯಂತಿರುತ್ತದೆ. ಕಾಲು ಹೂತರೆ ಎಳೆದಾಡಬೇಡಿ, ಅಂಗಾತ ಮಲಗಿ ಭಾರ ಹರಡಿ, ನಿಧಾನ ಒಂದೊಂದೇ ಕಾಲು ಬಿಡಿಸಿ.

ಹಿನ್ನೀರಿನಲ್ಲಿ ದೋಣಿಗೆ ಶತ್ರು ಸೆಳವಲ್ಲ, ಗಾಳಿ. 2024ರ ಮೇ 21ರ ಸಂಜೆ ಉಜನಿಯಲ್ಲಿ ಕುಗಾವದಿಂದ ಕಳಾಶಿಗೆ ಹೊರಟಿದ್ದ ದೋಣಿ ಬಿರುಗಾಳಿಗೆ ಮಗುಚಿ ಆರು ಜನ ತೀರಿಕೊಂಡರು. ದಿನ, ಹೊತ್ತು ಎರಡನ್ನೂ ಗಮನಿಸಿ: ಮೇ ತಿಂಗಳು, ಸಂಜೆ. ಮುಂಗಾರಿಗೆ ಮೊದಲಿನ ಗುಡುಗುಮಳೆ ಮಧ್ಯಾಹ್ನದ ಕಾವಿನಲ್ಲಿ ಹುಟ್ಟಿ ಸಂಜೆಗೆ ಒಡೆಯುತ್ತದೆ. ಮಳೆ ಬರುವ ಮೊದಲೇ ಮೋಡದ ಬುಡದಿಂದ ತಣ್ಣನೆಯ ಗಾಳಿ ನೆಲಕ್ಕೆ ಬಿದ್ದು ಸುತ್ತಲೂ ಹರಡುತ್ತದೆ. ಸೆಕೆಯ ನಡುವೆ ಮುಖಕ್ಕೆ ತಣ್ಣಗೆ ಬೀಸಿದರೆ ಹಾಯೆನಿಸುತ್ತದಲ್ಲ, ದೋಣಿಯಲ್ಲಿದ್ದವರಿಗೆ ಅದೇ ಎಚ್ಚರಿಕೆಯ ಗಂಟೆ. ಏಪ್ರಿಲ್, ಮೇಯಲ್ಲಿ ದೋಣಿ ವಿಹಾರ ಬೆಳಗ್ಗೆ ಹನ್ನೊಂದರೊಳಗೆ ಮುಗಿಸಿ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವುದರೊಳಗೆ ಸದ್ದು ಬಂದರೆ ಸಿಡಿಲು 10 ಕಿ.ಮೀ. ಒಳಗಿದೆ, ದಡ ಸೇರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಇಳಿಯಬೇಡಿ.

ಗಾಳಿ ಅಳೆಯಲು ತೆರೆಯ ತಲೆ ನೋಡಿ. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಗಾಳಿ ಗಂಟೆಗೆ 12ರಿಂದ 19 ಕಿ.ಮೀ. ಎಲ್ಲ ಕಡೆ ಬಿಳಿ ಕಂಡರೆ 20 ದಾಟಿದೆ, ಸಣ್ಣ ದೋಣಿ ಹೊರಡಬಾರದು. ನೀವು ನಿಂತ ದಂಡೆಯಿಂದ ಗಾಳಿ ಆಚೆಗೆ ಬೀಸುತ್ತಿದ್ದರೆ ಇಲ್ಲಿ ನೀರು ಕನ್ನಡಿಯಂತೆ ಇರುತ್ತದೆ. ತೆರೆ ಬೆಳೆಯುವುದು ಬಯಲು ನೀರು ಸಿಕ್ಕಷ್ಟೂ. ಆಚೆ ದಂಡೆ ತಲುಪುವ ಹೊತ್ತಿಗೆ ಮೊಳದೆತ್ತರ ಆಗಿರಬಹುದು, ಮರಳುವಾಗ ಅದಕ್ಕೆ ಎದುರಾಗಿ ಹುಟ್ಟು ಹಾಕಬೇಕು. ಆದ್ದರಿಂದ ವಾಪಸು ಬರುವಾಗ ಗಾಳಿ ಬೆನ್ನಿಗಿರುವಂತೆ ಹೊರಡಿ. ದೋಣಿಯ ಅಂಚಿಗೂ ನೀರಿಗೂ ಎಲ್ಲರೂ ಕೂತ ಮೇಲೆ ಕನಿಷ್ಠ ಒಂದೂವರೆ ಗೇಣು ಉಳಿಯಬೇಕು. ಉಳಿಯದಿದ್ದರೆ ಇಳಿಯುವವರಲ್ಲಿ ನೀವು ಮೊದಲಿಗರಾಗಿ. ಲೈಫ್ ಜಾಕೆಟ್ ಕೊಟ್ಟರೆ ಹಾಕಿಕೊಂಡು ಕೈ ಮೇಲೆತ್ತಿ, ಜೊತೆಯವರಿಗೆ ಹೆಗಲ ಪಟ್ಟಿ ಹಿಡಿದು ಎತ್ತಲು ಹೇಳಿ. ಕಿವಿಯವರೆಗೆ ಏರಿದರೆ ನೀರಿನಲ್ಲೂ ಹಾಗೇ ಏರಿ ಮುಖ ಮುಚ್ಚುತ್ತದೆ. ತೆರೆ ಬಂದಾಗ ದೋಣಿಯ ಮೂತಿ ತೆರೆಗೆ, ಮಗ್ಗುಲು ಕೊಡಬಾರದು. ಮಗುಚಿದರೆ ದೋಣಿ ಬಿಡಬೇಡಿ, ದಡ ಕಂಡಷ್ಟು ಹತ್ತಿರವಿರುವುದಿಲ್ಲ.

ಗಾಳದವರಿಗೆ ಎರಡು ಮಾತು. ಅಣೆಕಟ್ಟುಗಳ ಮೀನುಗಾರಿಕೆಯನ್ನು ಸಾಮಾನ್ಯವಾಗಿ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ, ಮೊದಲು ಅವರನ್ನು ಕೇಳಿ. ನೀರು ನಿಧಾನ ಏರುತ್ತಿದ್ದರೆ ಹೊಸದಾಗಿ ಮುಳುಗಿದ ಹುಲ್ಲಿಗೆ ಗೆಂಡೆ ಜಾತಿಯ ಮೀನು ಮೇಯಲು ಬರುತ್ತದೆ, ದಂಡೆಯ ಹತ್ತಿರವೇ ಗಾಳ ಹಾಕಿ. ಇಳಿಯುತ್ತಿದ್ದರೆ ಮಡುವಿಗೆ ಸರಿಯುತ್ತದೆ. ತೀರಾ ಕೆಂಪು ನೀರಿನಲ್ಲಿ ಕಣ್ಣಿಂದ ಬೇಟೆಯಾಡುವ ಮೀನು ಕಚ್ಚುವುದಿಲ್ಲ, ವಾಸನೆ ಹಿಡಿಯುವ ಮೀಸೆಮೀನು ಎರೆಹುಳಕ್ಕೆ ಬರುತ್ತದೆ. ನೀರು ಎಷ್ಟು ಕದಡಿದೆ ಎಂದು ನೋಡಲು ಬಿಳಿ ತಟ್ಟೆಗೆ ದಾರ ಕಟ್ಟಿ ಇಳಿಬಿಡಿ. ಒಂದು ಗೇಣಿನೊಳಗೆ ಕಾಣೆಯಾದರೆ ಎರೆಹುಳವೇ ಗತಿ. ನಸುಕಿನಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಹಸಿವೆಯಿಂದಲ್ಲ, ಉಸಿರಿಗೆ. ರಾತ್ರಿ ಪಾಚಿ ಆಮ್ಲಜನಕ ಕುಡಿದುಬಿಟ್ಟಿದೆ. ಅಲ್ಲಿ ತೇಲಿದ ಮೀನು ಮನೆಗೆ ತರಬೇಡಿ. ಮಲೆನಾಡಿನ ಹತ್ತುಮೀನು, ಕೊಂಕಣದವರ ವಲಗಣ, ಮೊದಲ ಮಳೆಗೆ ಹಳ್ಳ ಏರಿ ಬರುವ ಆ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ. ರುಚಿ ಗೊತ್ತು, ಆದರೂ ಬಿಡುವುದು ಒಳ್ಳೆಯದು.

ಗೋವಾಕ್ಕೆ ಹೋದರೆ ಈ ಲೆಕ್ಕಕ್ಕೆ ಚಂದ್ರ ಸೇರುತ್ತಾನೆ. ನಮ್ಮ ಖಾನಾಪುರದ ಮಹದಾಯಿ ಅಲ್ಲಿ ಮಾಂಡವಿ, ಅದರಲ್ಲಿ ಉಬ್ಬರ ಇಳಿತ ನದಿಯೊಳಗೆ ಬಹುದೂರ ಏರುತ್ತದೆ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ ಇವತ್ತು ಹತ್ತಕ್ಕಿದ್ದರೆ ನಾಳೆ ಹತ್ತು ಐವತ್ತಕ್ಕೆ. ಏರುವ ಇಳಿಯುವ ಆರು ತಾಸಿನಲ್ಲಿ ಮೂರನೆಯ, ನಾಲ್ಕನೆಯ ತಾಸುಗಳಲ್ಲೇ ಅರ್ಧ ನೀರು ಸಾಗುತ್ತದೆ, ಸೆಳವು ಆಗ ಜೋರು. ಕಯಾಕಿನವರು ತುದಿಯ ತಾಸುಗಳನ್ನು ಆರಿಸಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಗೆ ಎಲ್ಲವೂ ಹೆಚ್ಚು. ಇಳಿತದ ನೀರು ಹೊರಗೆ, ಮಧ್ಯಾಹ್ನದ ಗಾಳಿ ಒಳಗೆ, ಎರಡೂ ಅಳಿವೆಯಲ್ಲಿ ಎದುರಾದರೆ ತೆರೆಗಳು ಗಿಡ್ಡ, ಕಡಿದು ಆಗುತ್ತವೆ. ಅಘನಾಶಿನಿಯ ಗಜನಿ, ಅಂದರೆ ಉಪ್ಪುನೀರಿನ ಅಂಚಿನಲ್ಲಿ ಒಡ್ಡು ಕಟ್ಟಿದ ಗದ್ದೆ, ನೋಡಿದವರಿಗೆ ಗೋವಾದ ಖಾಜನ್ ಪರಿಚಿತ. ಅದರ ತೂಬಿನ ಬಾಗಿಲು, ಅಲ್ಲಿ ಮಾನಸ್ ಅನ್ನುತ್ತಾರೆ, ಮೀನಿಗೆ ಪ್ರಸಿದ್ಧ. ಸುಳಿಗೂ ಅಷ್ಟೇ. ಗಾಳ ಹಾಕಿ, ಕಾಲು ಇಳಿಬಿಡಬೇಡಿ. ಕೈಬಿಟ್ಟ ಚೀರೆಕಲ್ಲಿನ ಕ್ವಾರಿಗಳ ಹಸಿರು ನೀರಿಗಂತೂ ಇಳಿಯಲೇಬಾರದು, ಗೋಡೆ ನೆಟ್ಟಗಿರುತ್ತದೆ, ಹತ್ತಲು ಹಿಡಿತವಿರುವುದಿಲ್ಲ.

ಗಾಡಿಯ ಡಿಕ್ಕಿಯಲ್ಲಿ ಒಂದು ಸಾಮಾನು ಇಟ್ಟುಕೊಳ್ಳಿ: ಅಡುಗೆ ಎಣ್ಣೆಯ 5 ಲೀಟರ್ ಕ್ಯಾನ್, ಅದರ ಹಿಡಿಕೆಗೆ 15ರಿಂದ 20 ಮೀಟರ್ ನೈಲಾನ್ ಹಗ್ಗ. ನೀರಿನಲ್ಲಿರುವ ವಯಸ್ಕನ ತಲೆ ಮೇಲಿರಲು ಅಷ್ಟು ತೇಲಿಕೆ ಸಾಕು. ಬರೀ ಕ್ಯಾನ್ ಗಾಳಿಗೆ ಹಾರಿಹೋಗುತ್ತದೆ, ಅರ್ಧ ಲೀಟರ್ ನೀರು ಹಾಕಿ ಮುಚ್ಚಳ ಬಿಗಿದರೆ ಎಸೆದಲ್ಲಿಗೆ ಹೋಗುತ್ತದೆ. ಮುಳುಗುತ್ತಿರುವವರ ಆಚೆ, ಸೆಳವಿನ ಮೇಲ್ಭಾಗಕ್ಕೆ ಬೀಳುವಂತೆ ಎಸೆಯಿರಿ, ಹಗ್ಗ ಅವರ ಮೇಲೆ ಹಾದು ಬರುತ್ತದೆ. ಎಸೆಯುವವರು ಕೂತು ಎಳೆಯಬೇಕು, ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಬಾರದು. ಇನ್ನೊಬ್ಬರು 112ಕ್ಕೆ ಫೋನ್ ಮಾಡಬೇಕು. ಹಿಡಿಕೆಯ ಗಂಟನ್ನು ಮನೆಯಲ್ಲೇ ಹಾಕಿ, ಜಗ್ಗಿ ನೋಡಿ ಇಟ್ಟಿರಿ. ನೀರಿನ ಪಕ್ಕ ನಿಂತು ಹಾಕುವ ಹೊತ್ತಿಗೆ ಕೈ ನಡುಗುತ್ತಿರುತ್ತದೆ.